ಗೊತ್ತಾಯ್ತಾ ಅಂದ್ರೆ ಎಲ್ರೂ ಹೂಂ ಅಂತಾರೆ

ಮಂಡ್ಯ ಕಡೆ ಒಂದು ತಾಲೂಕು ಸೆಂಟರಲ್ಲಿ ನಂದು ಮೆಡಿಕಲ್ ಶಾಪ್ ಇದೆ, ಕೌಂಟರ್ ಹಿಂದೆ ನಿಂತು 14 ವರ್ಷ ಆಯ್ತು. ಬೆಳಿಗ್ಗೆಯಿಂದ ರಾತ್ರಿವರೆಗೂ ಬಾಯಲ್ಲಿ ಅದೇ ಮಾತು, ಇದು ಊಟಕ್ಕೆ ಮುಂಚೆ, ಇದು ಊಟ ಆದ್ಮೇಲೆ, ಇದು ಮಲಗೋವಾಗ ಅರ್ಧ, ಗೊತ್ತಾಯ್ತಾ? ಅವ್ರು ಹೂಂ ಅಂತಾರೆ, ಕವರ್ ಇಸ್ಕೊಂಡು ಹೋಗ್ತಾರೆ, ಹಿಂದೆ ನಿಂತಿರೋರು ಚೀಟಿ ಚಾಚ್ತಾರೆ. ಈ ಹೂಂ ಅನ್ನೋದನ್ನ ನಾನು ಬಹಳ ವರ್ಷ ನಂಬ್ಕೊಂಡಿದ್ದೆ.

ಒಂದಿನ ಒಬ್ರು ಅಜ್ಜಿ ಬಂದ್ರು. ಬೆರಳಿನ ಗಂಟುಗಳೆಲ್ಲ ಊದ್ಕೊಂಡು ಸೊಟ್ಟಗಾಗಿತ್ತು, ಕೀಲುವಾತ. ಚೀಟಿಲಿ ಮೆಥೋಟ್ರೆಕ್ಸೇಟ್ ಬರೆದಿದ್ರು. ಈ ಮಾತ್ರೆ ಬಗ್ಗೆ ಸ್ವಲ್ಪ ಹೇಳ್ಬೇಕು, ಕೀಲುವಾತಕ್ಕೆ ಇದನ್ನ ವಾರದಲ್ಲಿ ಒಂದೇ ದಿನ ತಗೋಬೇಕು, ತಪ್ಪಿ ದಿನಾ ನುಂಗಿದ್ರೆ ಬಾಯೆಲ್ಲ ಹುಣ್ಣಾಗಿ, ಮೂಳೆ ಒಳಗೆ ರಕ್ತ ತಯಾರಾಗೋದೇ ಕುಂದಿ, ಜೀವಕ್ಕೇ ಬರಬಹುದು. ಅದಕ್ಕೆ ನಾನು ಸ್ಟ್ರಿಪ್ ಮೇಲೆ ಪೆನ್ನಲ್ಲಿ ಗೆರೆ ಎಳೆದು, ಅಜ್ಜಿ ಇದು ವಾರಕ್ಕೊಂದು, ಗೊತ್ತಾಯ್ತಾ ಅಂದೆ. ಹೂಂ ಕಣಪ್ಪ ಅಂದ್ರು. ಅವತ್ತು ಅಂಗಡಿಲಿ ರಶ್ ಇರ್ಲಿಲ್ಲ, ಹಾಗಾಗಿ ಇನ್ನೊಂದು ಮಾತು ಕೇಳಿದೆ.

"ಹೆಂಗ್ ತಗೋತೀರಾ, ಒಂದ್ಸಲ ನೀವೇ ಹೇಳಿ ನೋಡಣ."

"ಬೆಳಿಗ್ಗೆ ತಿಂಡಿ ತಿಂದ್ಮೇಲೆ ಒಂದು."

"ಯಾವ್ ವಾರ?"

"ಎಲ್ಲಾ ವಾರನೂವೆ. ನೀನೇ ಅಂದ್ಯಲ್ಲಪ್ಪ, ವಾರಕ್ಕೊಂದು ಅಂತ."

ನನ್ನ ಕೈ ಅಲ್ಲೇ ನಿಂತೋಯ್ತು. ನಮ್ಮ ಕಡೆ ವಾರ ಅಂದ್ರೆ ಏಳು ದಿನವೂ ಹೌದು, ಒಂದು ದಿನವೂ ಹೌದು. ಇವತ್ತು ಯಾವ ವಾರ ಅಂತ ಕೇಳಿದ್ರೆ ಸೋಮವಾರ, ಮಂಗಳವಾರ ಅಂತ ತಾನೇ ಹೇಳ್ತೀವಿ? ಅಜ್ಜಿ ಕಿವಿ ಚೆನ್ನಾಗೇ ಇತ್ತು, ಅವ್ರು ಗಮನ ಕೊಟ್ಟೇ ಕೇಳಿದ್ರು, ಅವ್ರ ಕನ್ನಡದ ಪ್ರಕಾರ ಸರಿಯಾಗೇ ಅರ್ಥ ಮಾಡ್ಕೊಂಡಿದ್ರು. ಎರಡು ಅರ್ಥ ಬರೋ ಮಾತು ನಂದು. ಒಂದು ಸ್ಟ್ರಿಪ್ ಹತ್ತು ದಿನದಲ್ಲಿ ಖಾಲಿ ಮಾಡಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡ್ಕೊಂಡು ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಆವಾಗಿಂದ ಈ ಹೇಳೋದು ಕೇಳೋದು ಅನ್ನೋ ವಿಷಯದ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಬಂದಿದೀನಿ, ಓದಿದ್ದನ್ನ ಕೌಂಟರಲ್ಲಿ ಮಾಡಿ ನೋಡ್ತಾ ಇದೀನಿ. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ನಮ್ಮ ಭಾಷೆಯ ಒಂದು ಪದ ನೋಡಿ. ಕೇಳು. ಹಾಡು ಕೇಳಿದೆ ಅಂತೀವಿ, ಅದು ಕಿವಿ ಕೆಲಸ. ದಾರಿ ಕೇಳಿದೆ ಅಂತೀವಿ, ಅದು ಬಾಯಿ ಕೆಲಸ, ಪ್ರಶ್ನೆ. ಮಗ ಮಾತು ಕೇಳಲ್ಲ ಅಂತೀವಿ, ಅದು ಹೇಳಿದ ಹಾಗೆ ನಡೆಯೋದು. ಒಂದೇ ಪದ, ಮೂರು ಕೆಲಸ. ನನ್ನ ಅನಿಸಿಕೆ ಏನಪ್ಪಾ ಅಂದ್ರೆ ಚಿಕ್ಕಂದಿನಿಂದ ನಮಗೆ ಕಲಿಸೋದು ಮೂರನೇ ಅರ್ಥ ಒಂದನ್ನೇ, ಕೇಳು ಅಂದ್ರೆ ಎದುರು ಮಾತಾಡದೆ ಹೂಂ ಅನ್ನು ಅಂತ. ಡಾಕ್ಟ್ರ ಮುಂದೆ, ಮೇಷ್ಟ್ರ ಮುಂದೆ, ಬ್ಯಾಂಕ್ ಕೌಂಟರ್ ಮುಂದೆ ನಾವು ಅನ್ನೋ ಹೂಂ ಅದೇ. ಅರ್ಥ ಆಗ್ಲಿಲ್ಲ ಅನ್ನೋಕೆ ನಾಚಿಕೆ, ಹಿಂದೆ ಜನ ಕಾಯ್ತಿದಾರೆ ಅನ್ನೋ ಸಂಕೋಚ, ದೊಡ್ಡವ್ರ ಟೈಮ್ ಹಾಳು ಮಾಡ್ಬಾರ್ದು ಅನ್ನೋ ಮರ್ಯಾದೆ, ಎಲ್ಲಾ ಸೇರಿದ ಹೂಂ. ಅದರಲ್ಲಿ ಅರ್ಥ ಆಯ್ತು ಅನ್ನೋದು ಎಷ್ಟಿದೆ ಅಂತ ಹೊರಗಿನಿಂದ ತಿಳಿಯೋಕೆ ದಾರಿನೇ ಇಲ್ಲ. ಚೆನ್ನಾಗಿ ಕೇಳೋದು ಕಲೀಬೇಕು ಅಂದ್ರೆ ಮಧ್ಯದ ಅರ್ಥಕ್ಕೆ ಬರ್ಬೇಕು, ಕಿವಿಯಿಂದ ಕೇಳಿದ್ದನ್ನ ಬಾಯಿಂದ ಕೇಳಿ ಖಾತ್ರಿ ಮಾಡ್ಕೊಳ್ಳೋದು.

ಆಸ್ಪತ್ರೆಗಳ ಲೋಕದಲ್ಲಿ ಇದಕ್ಕೆ ಟೀಚ್-ಬ್ಯಾಕ್ ಅಂತಾರೆ. ನಾವು ಹೇಳಿದ್ದನ್ನ ಪೇಷೆಂಟು ಅವ್ರದೇ ಮಾತಲ್ಲಿ ವಾಪಸ್ ಹೇಳೋದು, ಅಷ್ಟೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೀನ್ ಶಿಲ್ಲಿಂಜರ್ ಅನ್ನೋ ಡಾಕ್ಟ್ರು ಮತ್ತೆ ಅವ್ರ ಜೊತೆಯವ್ರು ಶುಗರ್ ಪೇಷೆಂಟ್‌ಗಳ ಭೇಟಿಗಳನ್ನ ರೆಕಾರ್ಡ್ ಮಾಡಿ ನೋಡಿದ್ರು, 2003ರಲ್ಲಿ ಪ್ರಕಟ ಆಯ್ತು. ಡಾಕ್ಟ್ರುಗಳು ಹೇಳಿದ ಹೊಸ ವಿಷಯಗಳಲ್ಲಿ ಅರ್ಥ ಆಯ್ತಾ ಅಂತ ಹೀಗೆ ಪರೀಕ್ಷೆ ಮಾಡಿದ್ದು ನೂರಕ್ಕೆ 12 ಮಾತ್ರ. ಯಾರ ಡಾಕ್ಟ್ರು ವಾಪಸ್ ಕೇಳಿ ನೋಡ್ತಿದ್ರೋ ಅವ್ರ ಶುಗರ್ ಹೆಚ್ಚು ಹತೋಟಿಲಿ ಇತ್ತು. ಆದ್ರೆ ಕೇಳೋ ರೀತಿ ಮುಖ್ಯ ಕಣ್ರೀ. ಎಲ್ಲಿ ನಾನ್ ಏನ್ ಹೇಳ್ದೆ ಒಪ್ಪಿಸಿ ಅಂದ್ರೆ ಸ್ಕೂಲಲ್ಲಿ ಮಗ್ಗಿ ಒಪ್ಪಿಸಿದ ಹಾಗಾಗುತ್ತೆ, ಹಿರಿಯರಿಗೆ ಅವಮಾನ ಅನ್ಸುತ್ತೆ. ನಾನೀಗ, ಅಮ್ಮ ನಾನು ಸರಿಯಾಗಿ ಹೇಳಿದ್ನೋ ಇಲ್ವೋ ಅನುಮಾನ, ಮನೇಲಿ ಹೆಂಗ್ ತಗೋತೀರಾ ಒಂದ್ಸಲ ಹೇಳಿಬಿಡಿ ಅಂತೀನಿ. ಪರೀಕ್ಷೆ ನನ್ನ ಮಾತಿಗೆ, ಅವ್ರ ಬುದ್ಧಿಗಲ್ಲ.

ವಿಮಾನದವ್ರು ಇದನ್ನ ಬಹಳ ದೊಡ್ಡ ಬೆಲೆ ಕೊಟ್ಟು ಕಲಿತ್ರು. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪ, ದಟ್ಟ ಮಂಜು, ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747, ಒಂದು ಕೆಎಲ್‌ಎಂ ಕಂಪನಿದು, ಇನ್ನೊಂದು ಪ್ಯಾನ್ ಆಮ್ ಕಂಪನಿದು. ಕೆಎಲ್‌ಎಂ ಕಡೆಯಿಂದ ಹೊರಟ್ವಿ ಅಂತಲೂ ಹೊರಡೋಕೆ ರೆಡಿ ಅಂತಲೂ ಅರ್ಥ ಆಗೋ ಒಂದು ಮಾತು ಹೋಯ್ತು. ಟವರ್‌ನವ್ರು ಓಕೆ ಅಂದು, ಒಂದು ಗಳಿಗೆ ಬಿಟ್ಟು, ತಡೀರಿ ನಾವೇ ಕರೀತೀವಿ ಅಂದ್ರು. ಅದೇ ಕ್ಷಣಕ್ಕೆ ಪ್ಯಾನ್ ಆಮ್‌ನವ್ರು ನಾವಿನ್ನೂ ರನ್‌ವೇ ಮೇಲಿದೀವಿ ಅಂದ್ರು, ಎರಡು ಮಾತೂ ರೇಡಿಯೋದಲ್ಲಿ ಡಿಕ್ಕಿ ಹೊಡೆದು ಕೀಚಲು ಸದ್ದಾಯ್ತು, ಕೆಎಲ್‌ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ಕೇಳಿಸಿದ್ದು ಓಕೆ ಅನ್ನೋದು. ವಿಮಾನ ಓಡ್ತಾ ಇತ್ತು. ಆಗ ಅದರ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂದು, ಆ ಪ್ಯಾನ್ ಆಮ್ ಇನ್ನೂ ಜಾಗ ಬಿಟ್ಟಿಲ್ವಾ ಅಂತ ಕೇಳಿದ್ರು. ಬಿಟ್ಟಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದ್ರು, ಅವ್ರು ಕಂಪನಿಯಲ್ಲೇ ತುಂಬ ಹಿರಿಯ ಪೈಲಟ್, ಇಂಜಿನಿಯರ್ ಮತ್ತೆ ಮಾತಾಡ್ಲಿಲ್ಲ. ಎರಡೂ ವಿಮಾನ ಡಿಕ್ಕಿ ಹೊಡೆದ್ವು, 583 ಜನ ಸತ್ರು. ಆಮೇಲೆ ಟೇಕಾಫ್ ಅನ್ನೋ ಪದವನ್ನ ನಿಜವಾಗ್ಲೂ ಹಾರೋಕೆ ಪರ್ಮಿಷನ್ ಕೊಡೋವಾಗ, ಅಥವಾ ಕೊಟ್ಟ ಪರ್ಮಿಷನ್ ವಾಪಸ್ ತಗೊಳ್ಳೋವಾಗ ಮಾತ್ರ ಬಳಸ್ಬೇಕು ಅಂತ ಮಾಡಿದ್ರು, ಇಂಥ ಸೂಚನೆಗೆ ಬರೀ ಓಕೆ ಸಾಲ್ದು, ಕೇಳಿಸ್ಕೊಂಡಿದ್ದನ್ನ ಪೂರ್ತಿ ವಾಪಸ್ ಹೇಳ್ಬೇಕು ಅಂತ ಬಿಗಿ ಮಾಡಿದ್ರು. ಆ ಇಂಜಿನಿಯರ್ ಕೇಳಿದ ಒಂದು ಪ್ರಶ್ನೆ ನನ್ನ ತಲೆಯಿಂದ ಹೋಗೋದೇ ಇಲ್ಲ. ಒಬ್ರು ಕೇಳಿದ್ರು, ಇನ್ನೊಬ್ರು ಕೇಳಿಸ್ಕೊಳ್ಳಲಿಲ್ಲ.

ಸರಿ, ಕೇಳಿಸ್ಕೊಳ್ಳೋದು ಯಾಕೆ ಇಷ್ಟು ಕಷ್ಟ? ಬರೀ ಕೆಟ್ಟ ಅಭ್ಯಾಸ ಅಂತ ನಾನಂದ್ಕೊಂಡಿದ್ದೆ, ಆದ್ರೆ ಮಿದುಳಿನ ಕೆಲಸನೇ ಹಾಗಿದೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಾನ್ಯಾ ಸ್ಟೈವರ್ಸ್ ಮತ್ತೆ ಅವ್ರ ತಂಡ 10 ಭಾಷೆಗಳ ಮಾತುಕತೆ ಅಳೆದು ನೋಡಿದ್ರು, ಜಪಾನೀಸ್, ಕೊರಿಯನ್, ಡ್ಯಾನಿಶ್, ಇಂಗ್ಲಿಷ್, ಲಾವೋ ಎಲ್ಲ ಇದ್ವು. ಕನ್ನಡ ಇರ್ಲಿಲ್ಲ. ಭಾಷೆಯಿಂದ ಭಾಷೆಗೆ ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ಒಟ್ಟಾರೆ ಒಬ್ರು ಮಾತು ಮುಗಿಸಿ ಇನ್ನೊಬ್ರು ಶುರು ಮಾಡೋಕೆ ನಡುವೆ ಇರೋ ಗ್ಯಾಪು ಸುಮಾರು 200 ಮಿಲಿಸೆಕೆಂಡ್, ಸೆಕೆಂಡಿನ ಐದನೇ ಒಂದು ಭಾಗ, ಕಣ್ಣು ಮಿಟುಕಿಸೋ ಅಷ್ಟು ಹೊತ್ತು. ಆದ್ರೆ ಒಂದು ಚಿತ್ರ ತೋರಿಸಿ ಇದೇನು ಅಂದ್ರೆ ಒಂದೇ ಒಂದು ಪದ ಬಾಯಿಗೆ ಬರೋಕೆ ಸುಮಾರು 600 ಮಿಲಿಸೆಕೆಂಡ್ ಬೇಕು. ಲೆಕ್ಕ ಹಾಕಿ ನೋಡಿ, ಇಷ್ಟು ಬೇಗ ಉತ್ತರ ಬರ್ತಿದೆ ಅಂದ್ರೆ ಎದುರಿನವ್ರು ಇನ್ನೂ ಮಾತಾಡ್ತಿರೋವಾಗ್ಲೇ ನಮ್ಮ ತಲೆ ಉತ್ತರ ಕಟ್ಟೋಕೆ ಶುರು ಮಾಡಿರುತ್ತೆ. ಹಾಲು ಒಲೆ ಮೇಲಿಟ್ಟು ಬಾಗಿಲಲ್ಲಿ ನಿಂತು ಮಾತಾಡೋ ಥರ, ಅರ್ಧ ಗಮನ ಒಳಗಡೆನೇ. ಇದು ಎಲ್ಲ ಮನುಷ್ಯರಿಗೂ ಇರೋದು, ಒಳ್ಳೆಯವ್ರು ಕೆಟ್ಟವ್ರು ಅಂತಿಲ್ಲ.

ಕನ್ನಡದಲ್ಲಿ ಇದರಿಂದ ಇನ್ನೊಂದು ತೊಂದರೆ ಇದೆ, ಇದನ್ನ ನಾನು ಯಾವ ಪುಸ್ತಕದಲ್ಲೂ ಓದಿಲ್ಲ, ಅಂಗಡಿಲಿ ನಿಂತು ಗಮನಿಸಿದ್ದು. ನಮ್ಮ ಭಾಷೆಲಿ ಹೌದೋ ಅಲ್ವೋ ಅನ್ನೋದು ಬರೋದು ವಾಕ್ಯದ ಬಾಲದಲ್ಲಿ. ಡಾಕ್ಟ್ರು ಬರೆದ ಬಿಪಿ ಮಾತ್ರೆ ನಾನು ದಿನಾ ಬೆಳಿಗ್ಗೆ ತಪ್ಪದೆ ತಗೋ… ಅಲ್ಲಿಗೆ ನಾನು ಹಾಂ ಸರಿ ಸರಿ ಅಂತ ಬಾಯಿ ಹಾಕ್ತಿದ್ದೆ. ಆ ಬಾಲ ತಗೋತಿದೀನಿ ಅಂತಲೂ ಆಗಬಹುದು, ತಗೋತಿದ್ದೆ ಈಗ ಬಿಟ್ಟಿದೀನಿ ಅಂತಲೂ ಆಗಬಹುದು, ತಗೋಬೇಕು ಅಂತಾನೇ ಇದೀನಿ ಆದ್ರೆ ಅಂತಲೂ ಆಗಬಹುದು. ಆ ಆದ್ರೆ ಆದ್ಮೇಲೆ ಬರೋದ್ರಲ್ಲೇ ಇರುತ್ತೆ ವಿಷಯ, ದುಡ್ಡಿರ್ಲಿಲ್ಲ, ತಲೆ ಸುತ್ತು ಬಂತು, ಪಕ್ಕದ ಮನೆಯವ್ರು ಒಂದ್ಸಲ ಶುರು ಮಾಡಿದ್ರೆ ಬಿಡಂಗೇ ಇಲ್ವಂತೆ ಅಂದ್ರು. ಅದಕ್ಕೆ ಕನ್ನಡದವ್ರ ಮಾತನ್ನ ಮಧ್ಯದಲ್ಲಿ ತುಂಡು ಮಾಡಿದ್ರೆ ಕೈಗೆ ಸಿಗೋದು ತಲೆ ಮಾತ್ರ. ಎದುರಿನವ್ರು ನಿಲ್ಲಿಸಿದ್ಮೇಲೂ ಮನಸ್ಸಲ್ಲಿ ಒಂದು ಎರಡು ಎಣಿಸಿ ಆಮೇಲೆ ಬಾಯಿ ಬಿಡೋದು ನಾನು ಮಾಡ್ಕೊಂಡಿರೋ ಅಭ್ಯಾಸ. ಮೇರಿ ಬಡ್ ರೋ ಅನ್ನೋ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸ್‌ರೂಮ್‌ಗಳಲ್ಲಿ ಇದನ್ನೇ ಕಂಡ್ಕೊಂಡ್ರು, ಪ್ರಶ್ನೆ ಕೇಳಿದ ಟೀಚರ್‌ಗಳು ಉತ್ತರಕ್ಕೆ ಕಾಯ್ತಿದ್ದಿದ್ದು ಸುಮಾರು ಒಂದು ಸೆಕೆಂಡ್, ಅದನ್ನ ಮೂರು ಸೆಕೆಂಡ್ ಮಾಡಿದಾಗ ಮಕ್ಕಳ ಉತ್ತರ ಉದ್ದ ಆಯ್ತು, ಬಾಯೇ ಬಿಡದ ಮಕ್ಕಳೂ ಮಾತಾಡಿದ್ರು.

ಅಷ್ಟೊತ್ತು ಕೇಳ್ತಾ ಕೂತ್ರೆ ಅಂಗಡಿ ನಡೆಯುತ್ತಾ ಸ್ವಾಮಿ ಅಂತ ನನ್ನ ಅಂಗಡಿ ಹುಡುಗನೇ ಒಂದಿನ ಅಂದ. ಅದಕ್ಕೂ ಲೆಕ್ಕ ಇದೆ. 1984ರಲ್ಲಿ ಬೆಕ್‌ಮನ್ ಮತ್ತೆ ಫ್ರಾಂಕೆಲ್ ಅನ್ನೋ ಇಬ್ರು ಅಮೆರಿಕದಲ್ಲಿ 74 ಭೇಟಿಗಳನ್ನ ಕೇಳಿ ನೋಡಿದಾಗ ಪೇಷೆಂಟು ತನ್ನ ಕಷ್ಟ ಹೇಳೋಕೆ ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟ್ರು ಬಾಯಿ ಹಾಕ್ತಿದ್ರು. 1999ರಲ್ಲಿ ಅದೇ ಬೆಕ್‌ಮನ್ ಕೂಡ ಇದ್ದ ಇನ್ನೊಂದು ತಂಡ ನೋಡಿದಾಗ 23 ಸೆಕೆಂಡ್ ಆಗಿತ್ತು, ಜೊತೆಗೆ ಅವ್ರಿಗೆ ಇನ್ನೊಂದೂ ಸಿಕ್ತು, ತಡೆಯದೆ ಬಿಟ್ರೆ ಪೇಷೆಂಟು ಹೆಚ್ಚಿಗೆ ತಗೊಂಡಿದ್ದು ಸರಾಸರಿ ಆರು ಸೆಕೆಂಡ್. ಆರೇ ಆರು! ಸ್ವಿಟ್ಜರ್ಲೆಂಡ್‌ನಲ್ಲಿ 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 335 ಪೇಷೆಂಟ್‌ಗಳನ್ನ ಅವ್ರಾಗೇ ನಿಲ್ಲಿಸೋವರೆಗೂ ಮಾತಾಡೋಕೆ ಬಿಟ್ರು, ಸರಾಸರಿ 92 ಸೆಕೆಂಡಿಗೆ ಮಾತು ಮುಗೀತು. ಗಂಟೆಗಟ್ಟಲೆ ಕೊರೀತಾರೆ ಅನ್ನೋದು ನಮ್ಮ ಭಯ ಅಷ್ಟೇ.

ಆ ಆರು ಸೆಕೆಂಡು ಏನು ಮಾಡುತ್ತೆ ಅಂತ ನಾನೇ ನೋಡಿದೀನಿ. ಬೆಳಿಗ್ಗೆ ಏಳೂವರೆ, ಷಟರ್ ಅರ್ಧ ಎತ್ತಿದ್ದೆ. ಐವತ್ತರ ಆಸುಪಾಸಿನ ಒಬ್ರು ಬಂದು, ಗ್ಯಾಸ್ಟ್ರಿಕ್ಕಿಗೆ ಏನಾದ್ರೂ ಕೊಡಿ ಅಂದ್ರು. ನಮ್ಮ ಕಡೆ ಎದೆ ಉರಿ, ಹೊಟ್ಟೆ ಉಬ್ಬರ, ಬೆನ್ನು ಹಿಡ್ಕೊಂಡಿದ್ದು ಎಲ್ಲದಕ್ಕೂ ಹೆಸರು ಗ್ಯಾಸ್ಟ್ರಿಕ್ಕೇ. ದಿನಕ್ಕೆ ಹತ್ತು ಜನ ಕೇಳೋ ಮಾತು, ನನ್ನ ಕೈ ಆಗಲೇ ಸ್ಟ್ರಿಪ್ ಮೇಲಿತ್ತು. ಏನಾಗ್ತಿದೆ ಅಂದು ಸುಮ್ಮನೆ ನಿಂತೆ. ರಾತ್ರಿಯಿಂದ ಗ್ಯಾಸ್ ಹಿಡ್ಕೊಂಡಿದೆ ಅಂದ್ರು. ನಾನು ಮಾತಾಡ್ಲಿಲ್ಲ. ಮೆಟ್ಲು ಹತ್ತಿದ್ರೆ ಜಾಸ್ತಿ ಆಗುತ್ತೆ ಅಂದ್ರು. ಇನ್ನೂ ಸುಮ್ಮನಿದ್ದೆ. ದವಡೆವರೆಗೂ ಎಳ್ದಂಗಾಗುತ್ತೆ, ಇದೇನ್ ಹಿಂಗ್ ಬೆವರು ಬರ್ತಿದೆ ನೋಡಿ ಅಂತ ಹಣೆ ಒರೆಸ್ಕೊಂಡ್ರು. ಸ್ಟ್ರಿಪ್ ಒಳಗಿಟ್ಟು ಆಟೋ ಕರೆದು ಆಸ್ಪತ್ರೆಗೆ ಕರ್ಕೊಂಡ್ ಹೋದೆ, ಇಸಿಜಿ ನೋಡಿ ಅಲ್ಲಿಂದ ಮೈಸೂರಿಗೆ ಕಳಿಸಿದ್ರು. ಹಾರ್ಟ್ ಅಟ್ಯಾಕ್. ಅವ್ರೀಗ ಚೆನ್ನಾಗಿದಾರೆ. ಎಲ್ಲಾ ಎದೆ ನೋವೂ ಹಾರ್ಟಿಂದು ಅಂತ ಹೆದರಿಸ್ತಿಲ್ಲ, ಆದ್ರೆ ಅವ್ರು ಮೊದಲು ಹೇಳಿದ ಗ್ಯಾಸ್ಟ್ರಿಕ್ ಅನ್ನೋದು ಅವ್ರ ತೊಂದರೆ ಅಲ್ಲ, ತೊಂದರೆಗೆ ಅವ್ರೇ ಕೊಟ್ಕೊಂಡ ಹೆಸರು. ಹೆಸರಿಗೆ ಮಾತ್ರೆ ಕೊಟ್ಟು ಕಳಿಸೋದು ಬಹಳ ಸುಲಭ.

ಪ್ರಶ್ನೆ ಕೇಳೋ ರೀತಿಲೂ ಬಾಗಿಲು ತೆಗೆಯೋದು, ಮುಚ್ಚೋದು ಎರಡೂ ಇದೆ. ಜಾನ್ ಹೆರಿಟೇಜ್ ಮತ್ತೆ ಜೊತೆಯವ್ರು 2007ರಲ್ಲಿ ಪ್ರಕಟಿಸಿದ ಪ್ರಯೋಗ ನಂಗೆ ತುಂಬ ಇಷ್ಟ. 20 ಜನ ಡಾಕ್ಟ್ರುಗಳು, ಪೇಷೆಂಟು ತನ್ನ ಮುಖ್ಯ ತೊಂದರೆ ಹೇಳಿದ್ಮೇಲೆ ಕೇಳೋ ಒಂದೇ ಪ್ರಶ್ನೆ, ಇಂಗ್ಲಿಷಲ್ಲಿ ಒಂದೇ ಒಂದು ಪದ ವ್ಯತ್ಯಾಸ. ಒಂದು ಗುಂಪು ಎನಿಥಿಂಗ್ ಎಲ್ಸ್ ಅಂತ ಕೇಳ್ತು, ಇನ್ನೊಂದು ಸಮ್‌ಥಿಂಗ್ ಎಲ್ಸ್ ಅಂತ. ಸಮ್‌ಥಿಂಗ್ ಅಂದ ಕಡೆ, ಹೇಳ್ಬೇಕು ಅಂದ್ಕೊಂಡು ಹೇಳದೆ ಉಳಿದುಹೋಗೋ ತೊಂದರೆಗಳು 78 ಪರ್ಸೆಂಟ್ ಕಮ್ಮಿ ಆದ್ವು, ಎನಿಥಿಂಗ್ ಅಂದ್ರೆ ಕೇಳಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಕನ್ನಡದಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕೇಳಿಸುತ್ತೆ. ಇನ್ನೇನೂ ಇಲ್ಲ ತಾನೇ ಅಂದು ನೋಡಿ, ಇಲ್ಲ ಅಂತಲೇ ಬರುತ್ತೆ ಉತ್ತರ, ಯಾಕಂದ್ರೆ ನಾವೇ ಇಲ್ಲ ಅಂತ ಹೇಳ್ಕೊಟ್ಟಿದೀವಿ. ಇನ್ನೇನೋ ಹೇಳ್ಬೇಕಿತ್ತು ಅನ್ಸುತ್ತೆ, ಹೇಳಿ ಅಂದು ನೋಡಿ. ಹೊರಟವ್ರು ತಿರುಗಿ ನಿಲ್ತಾರೆ.

ಮನೆ ವಿಷಯಕ್ಕೆ ಬಂದ್ರೆ ಇದೆಲ್ಲ ಕೈ ಕೊಡುತ್ತೆ, ಯಾಕಂದ್ರೆ ಮನೇಲಿ ಕೇಳು ಅಂದ್ರೆ ಮೂರನೇ ಅರ್ಥವೇ. ನನ್ನ ಮಗಳು ಸೆಕೆಂಡ್ ಪಿಯುಸಿ ಇರೋವಾಗ ಒಂದಿನ ರಾತ್ರಿ, ನಂಗೆ ನೀಟ್ ಬೇಡಪ್ಪ ಅಂದ್ಲು. ಅವಳ ಮಾತು ಕಿವಿಗೆ ಹಾಕ್ಕೊಂಡ್ರೆ ಒಪ್ಪಿದ ಹಾಗಾಗುತ್ತೆ ಅನ್ನೋ ಹೆದರಿಕೆಗೆ ಒಂದು ಗಂಟೆ ನಾನೇ ಮಾತಾಡಿದೆ. ಅವಳು ಕೊನೆಗೆ ಹೂಂ ಅಂದ್ಲು. ಆ ಹೂಂ ಕೇಳಿದ ತಕ್ಷಣ ಅಜ್ಜಿ ನೆನಪಾದ್ರು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅಂತ ಇದ್ರು, ಆಕ್ಟಿವ್ ಲಿಸನಿಂಗ್, ಅಂದ್ರೆ ಪೂರ್ತಿ ಗಮನ ಕೊಟ್ಟು ಕೇಳೋದು, ಅನ್ನೋ ಮಾತು 1957ರಲ್ಲಿ ಅವ್ರು ರಿಚರ್ಡ್ ಫಾರ್ಸನ್ ಜೊತೆ ಬರೆದ ಪುಟ್ಟ ಪುಸ್ತಕದಿಂದ ಹರಡಿದ್ದು. ಜಗಳ ಆಗೋ ಜಾಗಕ್ಕೆ ಅವ್ರೊಂದು ನಿಯಮ ಹೇಳಿದ್ರು, ಎದುರಿನವ್ರು ಹೇಳಿದ್ದನ್ನ ಅವ್ರು ಹೌದು ಅನ್ನೋವರೆಗೂ ನಿಮ್ಮ ಬಾಯಲ್ಲಿ ಹೇಳಿ, ಆಮೇಲಷ್ಟೇ ನಿಮ್ಮ ಮಾತು. ಮಾರನೇ ದಿನ ಮಾಡಿ ನೋಡಿದೆ.

"ಅಂದ್ರೆ ಓದೋದು ಕಷ್ಟ ಆಗ್ತಿದೆ, ಅದಕ್ಕೆ ಬೇಡ ಅಂತಿದೀಯಾ?"

"ಅಲ್ಲಪ್ಪ."

"ಡಾಕ್ಟ್ರು ಆಗೋದೇ ಇಷ್ಟ ಇಲ್ಲ?"

"ಅದೂ ಅಲ್ಲ."

"ಮತ್ತೆ, ಈ ಕೋಚಿಂಗು…"

"ಐದೂವರೆ ಬಸ್ಸಪ್ಪ. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಏಳೋದು. ಕ್ಲಾಸಲ್ಲಿ ಕಣ್ಣೇ ತೆಗೆಯಕ್ಕಾಗಲ್ಲ, ಏನೂ ತಲೆಗೆ ಹೋಗಲ್ಲ."

ನೀಟ್ ಬೇಡ ಅನ್ನೋದೂ ಗ್ಯಾಸ್ಟ್ರಿಕ್ ಥರದ್ದೇ ಒಂದು ಹೆಸರು. ಎರಡು ಸಲ ತಪ್ಪು ಊಹೆ ಮಾಡಿದ್ದೇ ಒಳ್ಳೇದಾಯ್ತು, ಅಲ್ಲ ಅನ್ನೋಕೆ ಅವಳಿಗೆ ಜಾಗ ಸಿಕ್ತು. ಬೆಳಗಿನ ಬ್ಯಾಚ್ ಬಿಡಿಸಿದ್ವಿ. ಕೇಳಿಸ್ಕೊಂಡೆ ಅಂತ ಒಪ್ಪಲೇಬೇಕು ಅಂತೇನಿಲ್ಲ, ಅವಳ ಬೇರೆ ಎಷ್ಟೋ ಮಾತು ನಾನಿವತ್ತಿಗೂ ಒಪ್ಪಲ್ಲ, ಆದ್ರೆ ಯಾವುದನ್ನ ಒಪ್ತಿಲ್ಲ ಅನ್ನೋದು ಈಗ ನಂಗೆ ಗೊತ್ತಿರುತ್ತೆ.

ಇಷ್ಟು ಹೂಂ ಬೈದೆ, ಒಳ್ಳೆ ಹೂಂ ಬಗ್ಗೆ ಹೇಳದಿದ್ರೆ ತಪ್ಪಾಗುತ್ತೆ. ನಮ್ಮಜ್ಜಿ ಕಥೆ ಹೇಳೋವಾಗ ಹೂಂಗುಟ್ಟಬೇಕಿತ್ತು, ಒಂದ್ಸಲ ಬಿಟ್ರೂ ಕಥೆ ನಿಲ್ಸಿ ಮಲಗಿದ್ಯಾ ಅನ್ನೋರು. ಮಲಗಿದೀವಾ ಅಂತ ನೋಡೋಕೆ ಅಂದ್ಕೊಂಡಿದ್ದೆ. ಕೆನಡಾದ ಜಾನೆಟ್ ಬಾವೆಲಾಸ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತೆ ಜೊತೆಯವ್ರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಓದಿದ್ಮೇಲೆ ಬೇರೆ ಥರ ಕಾಣ್ತು. ಕೂದಲೆಳೆಯಲ್ಲಿ ಪಾರಾದ ಘಟನೆಯನ್ನ ಒಬ್ರು ಹೇಳ್ಬೇಕು, ಇನ್ನೊಬ್ರು ಕೇಳ್ಬೇಕು. ಕೆಲವು ಕೇಳುಗರಿಗೆ ಮಾತ್ರ ಗುಟ್ಟಾಗಿ, ಅವ್ರ ಮಾತಲ್ಲಿ ಟಿ ಅಕ್ಷರದಿಂದ ಶುರುವಾಗೋ ಪದ ಎಣಿಸಿ ಅಂತ ಹೇಳಿದ್ರು. ಎಣಿಸ್ತಾ ಕೂತವ್ರ ಮುಖದಲ್ಲಿ ಅಯ್ಯೋ, ಆಮೇಲೆ ಅನ್ನೋ ಭಾವ ಬರ್ಲಿಲ್ಲ, ಅಷ್ಟಕ್ಕೇ ಹೇಳೋರ ಕಥೆ ಕೆಟ್ಟೋಯ್ತು, ಅದರಲ್ಲೂ ಕೊನೆ ಭಾಗ ತಡವರಿಸಿ, ಸುತ್ತಿ ಬಳಸಿ ಎಲ್ಲೋ ನಿಂತೋಯ್ತು. ಮಾತು ಕೆಡೋದಕ್ಕೆ ಹೇಳೋರ ನಾಲಿಗೆ ಒಂದೇ ಕಾರಣ ಅಲ್ಲ, ಅರ್ಧ ಕಾರಣ ಕೇಳೋರ ಮುಖ. ಮೊಬೈಲ್ ನೋಡ್ತಾ ಹೂಂ ಹೂಂ ಹೇಳು ಹೇಳು ಅನ್ನೋವಾಗ ನಾವು ಮಾಡ್ತಿರೋದು ಆ ಟಿ ಎಣಿಸೋ ಕೆಲಸನೇ. ಮನೆಯವ್ರು ಮಾತಾಡೋಕೆ ಬಂದಾಗ ಫೋನನ್ನ ಬರೀ ಮಗುಚಿ ಇಡ್ಬೇಡಿ, ಬೇರೆ ರೂಮಲ್ಲಿ ಇಟ್ಟು ಬನ್ನಿ, ನಾನು ಕೌಂಟರಲ್ಲಿ ಡ್ರಾಯರ್ ಒಳಗೆ ಹಾಕ್ತೀನಿ.

ಆ ಅಜ್ಜಿ ಈಗಲೂ ತಿಂಗಳಿಗೊಂದ್ಸಲ ಬರ್ತಾರೆ. ನಾನು ಕೇಳೋಕೂ ಮುಂಚೆ, ಸ್ವಾಮಾರ ಒಂದೇ ದಿನ, ತಿಂಡಿ ಆದ್ಮೇಲೆ ಒಂದೇ ಒಂದು ಅಂತ ಅವ್ರೇ ಒಪ್ಪಿಸ್ತಾರೆ. ಹೋದ ತಿಂಗಳು ಒಪ್ಪಿಸಿ ದುಡ್ಡು ಕೊಟ್ಟು ಆದ್ಮೇಲೂ ನಿಂತೇ ಇದ್ರು. ಇನ್ನೇನೋ ಇದ್ದಂಗಿದೆ ಹೇಳಜ್ಜಿ ಅಂದೆ. ಸೊಟ್ಟ ಬೆರಳು ತೋರಿಸಿ, ಈ ಬೆಳ್ಳಿ ಕಾಗದ ಒತ್ತಿ ಮಾತ್ರೆ ಬಿಡ್ಸಕಾಗಲ್ಲ ಕಣಪ್ಪ, ಮೊಮ್ಮಗಳು ಇಸ್ಕೂಲಿಗೆ ಹೋಗೋ ಮುಂದೆ ಬಿಡಿಸ್ಕೊಟ್ರೆ ಸ್ವಾಮಾರ, ಅವ್ಳು ಮರೆತ್ರೆ ಮಂಗಳವಾರ, ಒಂದೊಂದ್ಸಲ ಅದೂ ಇಲ್ಲ ಅಂದ್ರು. ಇಷ್ಟು ತಿಂಗಳು ನಾನು ಯಾವ ವಾರ ಅಂತ ಕೇಳಿದ್ದೆ, ಕೈಲಾಗುತ್ತಾ ಅಂತ ಕೇಳಿರ್ಲಿಲ್ಲ. ಗ್ಲೌಸ್ ಹಾಕ್ಕೊಂಡು ನಾಲ್ಕು ಮಾತ್ರೆ ಬಿಡಿಸಿ ಒಂದು ಸಣ್ಣ ಡಬ್ಬಿಗೆ ಹಾಕಿ, ಮೇಲೆ ಮಾತ್ರೆ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ಸೋಮವಾರ ಅಂತ ಬರೆದು, ಮಕ್ಕಳ ಕೈಗೆ ಸಿಗದಂಗೆ ಎತ್ತರದಲ್ಲಿಡಿ ಅಂತ ಹೇಳಿ ಕೊಟ್ಟೆ. ಅಲ್ಲೇ ಕೌಂಟರ್ ಮೇಲಿಟ್ಟು ಅಂಗೈಲಿ ಒತ್ತಿ ಮುಚ್ಚಳ ಎರಡು ಸಲ ತೆಗೆದು ಹಾಕಿ ನೋಡಿದ್ರು, ಆಮೇಲೆ ಸೆರಗಿನ ಗಂಟಿಗೆ ಹಾಕ್ಕೊಂಡು ಬಸ್ ಸ್ಟ್ಯಾಂಡ್ ಕಡೆ ಹೋದ್ರು.